‘ದೇವದಾಸ’: ಮರೆತುಹೋದ ಒಂದು ಗೆಳೆತನ



ಗಡ್ಡ ಬಿಟ್ಟುಕೊಂಡು ಮಂಕಾಗಿ ತರಗತಿಗೆ ಬಂದ ಹುಡುಗನನ್ನು ಗೆಳೆಯರು “ಏನೋ ದೇವದಾಸ, ಏನಾಯ್ತೋ?” ಎಂದು ಕೆಣಕುವುದನ್ನು ನೀವು ಕೇಳಿರುತ್ತೀರಿ. ಕಾದಂಬರಿಯ ನಾಯಕನೊಬ್ಬನ ಹೆಸರು ಹೀಗೆ ಆಡುಮಾತಿಗೆ ಇಳಿಯುವುದು ಅಪರೂಪ. ಬಂಗಾಳಿಯಲ್ಲಿ ಬರೆದ ಒಂದು ಪುಟ್ಟ ಪುಸ್ತಕವನ್ನು ನೂರು ವರ್ಷ ದಾಟಿದರೂ ಓದುಗರು ಏಕೆ ಕೈಬಿಟ್ಟಿಲ್ಲ? ಆ ಹೆಸರು ನೆನಪಿಸುವ ದುಃಖವೊಂದೇ ಅದಕ್ಕೆ ಕಾರಣವೇ? ಈ ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಶರತ್‌ಚಂದ್ರ ಚಟ್ಟೋಪಾಧ್ಯಾಯರು ಹುಟ್ಟಿದ್ದು 1876ರಲ್ಲಿ, ಹೂಗ್ಲಿ ಜಿಲ್ಲೆಯ ದೇವಾನಂದಪುರದಲ್ಲಿ. ಬಡತನದ ಕಾರಣ ಅವರ ಬಾಲ್ಯದ ಬಹುಭಾಗ ಭಾಗಲ್ಪುರದಲ್ಲಿ, ತಾಯಿಯ ತವರುಮನೆಯಲ್ಲಿ ಕಳೆಯಿತು. ‘ದೇವದಾಸ’ವನ್ನು ಅವರು ಬರೆದದ್ದು ಹೊಸ ಶತಮಾನ ಕಾಲಿಡುತ್ತಿದ್ದ ಹೊತ್ತಿನಲ್ಲಿ, ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. ಅದನ್ನು ಪ್ರಕಟಿಸಲು ಅವರಿಗೇ ಹಿಂಜರಿಕೆಯಿತ್ತು. 1903ರಲ್ಲಿ ಅವರು ಬರ್ಮಾಕ್ಕೆ ಹೋದರು. ರಂಗೂನಿನ ಸರ್ಕಾರಿ ಲೆಕ್ಕಪತ್ರ ಕಚೇರಿಯಲ್ಲಿ ಗುಮಾಸ್ತರಾಗಿ ದುಡಿದು 1916ರಲ್ಲಿ ಮರಳಿದರು. ಪುಸ್ತಕ ಹೊರಬಂದದ್ದು 1917ರಲ್ಲಿ. ಯುವಕನೊಬ್ಬ ಯೌವನದ ಬಗ್ಗೆ ಬರೆದ ಪುಸ್ತಕ ಅದು ಎಂಬುದನ್ನು ನೀವು ಮೊದಲು ಗಮನಿಸಬೇಕು.

ಕಥೆ ಆರಂಭವಾಗುವುದು ಪ್ರೇಮದಿಂದಲ್ಲ, ಹಳ್ಳಿಯ ಪಾಠಶಾಲೆಯಿಂದ. ದೇವದಾಸ ಜಮೀನ್ದಾರರ ಮಗ, ತುಂಟ. ಪಾರ್ವತಿ ನೆರೆಮನೆಯ ಹುಡುಗಿ. ಸಹಪಾಠಿಯನ್ನು ಸುಣ್ಣದ ರಾಶಿಗೆ ಕೆಡವಿ ಓಡಿಹೋದ ದೇವದಾಸ ತೋಪಿನಲ್ಲಿ ಅಡಗಿ ಹುಕ್ಕಾ ಸೇದುತ್ತಾನೆ. ಎಲ್ಲರೂ ಅವನನ್ನು ಹುಡುಕುತ್ತಿರುವಾಗ ಅವನು ಇರುವ ತಾವು ಗೊತ್ತಿರುವುದು ಪಾರ್ವತಿಗೆ ಮಾತ್ರ. ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಅವಳು ಅಲ್ಲಿಗೆ ಹೋಗುತ್ತಾಳೆ. ಸಿಟ್ಟು ಬಂದಾಗ ಅವನು ಅವಳನ್ನು ಹೊಡೆಯುತ್ತಾನೆ. ಮನೆಯಲ್ಲಿ ಕೇಳಿದರೆ ಅವಳು ಮೇಷ್ಟರು ಹೊಡೆದರೆಂದು ಹೇಳಿ ಅವನನ್ನು ಉಳಿಸುತ್ತಾಳೆ. ಓದುಗರು ಈ ಕಾದಂಬರಿಗೆ ಮನಸೋಲುವುದು ಇಲ್ಲಿಯೇ. ಒಟ್ಟಿಗೆ ತಪ್ಪು ಮಾಡುವುದು, ಒಬ್ಬರ ಗುಟ್ಟನ್ನು ಇನ್ನೊಬ್ಬರು ಕಾಯುವುದು, ಜಗಳವಾಡಿ ಮತ್ತೆ ಸೇರುವುದು, ಇವೆಲ್ಲ ಯಾರ ಬಾಲ್ಯದಲ್ಲಿ ಇಲ್ಲ? ಆದರೆ ಆ ಹೊಡೆತವನ್ನು ನೆನಪಿಟ್ಟುಕೊಳ್ಳಿ. ಲೇಖಕರು ಅದನ್ನು ಸುಮ್ಮನೆ ತಂದಿಲ್ಲ.

ಓದಿಗಾಗಿ ಕಲ್ಕತ್ತೆಗೆ ಹೋದ ದೇವದಾಸ ಪಟ್ಟಣದ ಉಡುಪು ತೊಟ್ಟು ಮರಳುತ್ತಾನೆ. ಈಗ ಅವಳೊಡನೆ ಮಾತನಾಡಲು ಇಬ್ಬರಿಗೂ ಸಂಕೋಚ. ಪಾರ್ವತಿಗೆ ಹದಿಮೂರರ ವಯಸ್ಸು. ಅಂದಿನ ದೃಷ್ಟಿಯಲ್ಲಿ ಮದುವೆಗೆ ಬಂದ ಹುಡುಗಿ. ಇಲ್ಲಿ ಇತಿಹಾಸವನ್ನು ಸ್ವಲ್ಪ ನೆನೆಯಬೇಕು. ಬ್ರಿಟಿಷ್ ಸರ್ಕಾರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ್ದು 1891ರಲ್ಲಿ. ಅಷ್ಟಕ್ಕೇ ಬಂಗಾಳದಲ್ಲಿ ದೊಡ್ಡ ವಿರೋಧ ಎದ್ದಿತ್ತು. ಹುಡುಗಿಯ ಮದುವೆಯ ವಯಸ್ಸು ಕನಿಷ್ಠ ಹದಿನಾಲ್ಕು ಇರಬೇಕೆಂಬ ಶಾರದಾ ಕಾಯಿದೆ ಬಂದದ್ದು 1929ರಲ್ಲಿ, ಅಂದರೆ ಪುಸ್ತಕ ಪ್ರಕಟವಾಗಿ ಹನ್ನೆರಡು ವರ್ಷಗಳ ಮೇಲೆ. ಹುಡುಗ ಹುಡುಗಿ ಬೆಳೆದ ಮೇಲೆ ಗೆಳೆಯರಾಗಿ ಉಳಿಯಲು ಆ ಸಮಾಜದಲ್ಲಿ ಜಾಗವೇ ಇರಲಿಲ್ಲ. ಒಂದೋ ಮದುವೆ, ಇಲ್ಲವೇ ಅಗಲಿಕೆ.

ಪಾರ್ವತಿಯ ಅಜ್ಜಿ ಮದುವೆಯ ಮಾತೆತ್ತಿದರೆ ದೇವದಾಸನ ಮನೆಯವರು ಒಪ್ಪುವುದಿಲ್ಲ. ಎರಡೂ ಬ್ರಾಹ್ಮಣ ಕುಟುಂಬಗಳೇ. ಆದರೆ ಪಾರ್ವತಿಯದು ಹೆಣ್ಣಿಗೆ ತೆರ ತೆಗೆದುಕೊಳ್ಳುವ ಮನೆತನ, ಮೇಲಾಗಿ ನೆರೆಮನೆ. ಒಂದೇ ಜಾತಿಯೊಳಗಿನ ಮೇಲು ಕೀಳು ಎಷ್ಟು ಕಠಿಣವಾಗಿತ್ತು ಎಂಬುದನ್ನು ಅರಿಯಲು ಇದೊಂದು ಪ್ರಸಂಗ ಸಾಕು.

ಆಗ ಪಾರ್ವತಿ ಮಾಡುವ ಕೆಲಸವನ್ನು ಅಂದಿನ ಓದುಗರು ಬೆರಗಿನಿಂದ ಓದಿರಬೇಕು. ನಡುರಾತ್ರಿ ಒಬ್ಬಳೇ ನಡೆದು ದೇವದಾಸನ ಕೋಣೆಗೆ ಹೋಗಿ ತನ್ನ ಮನಸ್ಸನ್ನು ಅವಳು ತಾನೇ ಹೇಳುತ್ತಾಳೆ. ಉತ್ತರ ಕೊಡಲಾಗದೆ ಅವನು ಕಲ್ಕತ್ತೆಗೆ ಹೊರಟುಹೋಗಿ, ನಿನ್ನ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ ಎಂಬ ಅರ್ಥದ ಕಾಗದ ಹಾಕುತ್ತಾನೆ. ಹಾಕಿದ ಮೇಲೆ ಪಶ್ಚಾತ್ತಾಪ. ಹಳ್ಳಿಗೆ ಓಡಿಬರುವಷ್ಟರಲ್ಲಿ ಪಾರ್ವತಿಯ ಅಭಿಮಾನ ಎದ್ದು ನಿಂತಿರುತ್ತದೆ. ಕೊಳದ ದಡದಲ್ಲಿ ಅವಳು ನಿರಾಕರಿಸಿದಾಗ ಅವನು ಗಾಳದ ಕೋಲಿನಿಂದ ಅವಳ ಹಣೆಗೆ ಹೊಡೆಯುತ್ತಾನೆ. ಬಾಲ್ಯದ ಹೊಡೆತ ಇಲ್ಲಿ ಮಾಯದ ಗಾಯವಾಗುತ್ತದೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಬೆಳೆದ ಮಕ್ಕಳಿರುವ ವಿಧುರ ಜಮೀನ್ದಾರನಿಗೆ ಪಾರ್ವತಿಯ ಮದುವೆ; ದೇವದಾಸನ ಕುಡಿತ; ಅವನ ಪರಿಚಯದಿಂದ ತನ್ನ ವೃತ್ತಿಯನ್ನೇ ಬಿಟ್ಟು ಬಾಳು ಬದಲಿಸಿಕೊಂಡ ಚಂದ್ರಮುಖಿ; ಕೊನೆಗೆ ಎತ್ತಿನ ಗಾಡಿಯಲ್ಲಿ ಬಂದ ದೇವದಾಸ ಪಾರ್ವತಿಯ ಮನೆಯ ಮುಂದೆಯೇ ಪ್ರಾಣ ಬಿಡುವುದು. ಅವಳಿಗೆ ಸುದ್ದಿ ತಿಳಿಯುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ.

ಓದುಗರು ಇದನ್ನು ಪ್ರೀತಿಸುವುದು ನಾಯಕ ದೊಡ್ಡವನೆಂದಲ್ಲ. ಇಡೀ ದುರಂತ ಕೆಲವೇ ದಿನಗಳ ಹಿಂಜರಿಕೆಯಿಂದ, ಒಂದು ಕಾಗದದಿಂದ ಹುಟ್ಟುತ್ತದೆ. ಹೇಳಬೇಕಾದ ಮಾತನ್ನು ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ನೊಂದವರೆಲ್ಲರೂ ಅಲ್ಲಿ ತಮ್ಮನ್ನು ಕಾಣುತ್ತಾರೆ. ಲೇಖಕರು ಅವನ ದೌರ್ಬಲ್ಯವನ್ನು ಮುಚ್ಚಿಡುವುದಿಲ್ಲ. ಕೊನೆಯಲ್ಲಿ ಓದುಗರತ್ತ ತಿರುಗಿ ಅವರು ಕೇಳುವುದು ಕರುಣೆಯನ್ನು, ಮೆಚ್ಚುಗೆಯನ್ನಲ್ಲ. ಈ ವ್ಯತ್ಯಾಸ ಮುಖ್ಯ.

ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಕಾಲದಿಂದಲೂ ಬಂಗಾಳಿ ಕಾದಂಬರಿ ನಮ್ಮ ಓದಿನ ಭಾಗ. ಆದರೆ ದೇವದಾಸನ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಹೆಚ್ಚಾಗಿ ಸಿನಿಮಾ. 1928ರ ಮೂಕಿಚಿತ್ರದ ನಂತರ 1935ರಲ್ಲಿ ಪಿ.ಸಿ. ಬರುವಾ ಬಂಗಾಳಿಯಲ್ಲಿ ಚಿತ್ರ ಮಾಡಿ ತಾವೇ ನಾಯಕರಾದರು. ಅದರ ಹಿಂದಿ ರೂಪದಲ್ಲಿ ನಾಯಕ ಕೆ.ಎಲ್. ಸೈಗಲ್. ಆ ಚಿತ್ರದ ಛಾಯಾಗ್ರಾಹಕ ಬಿಮಲ್ ರಾಯ್ 1955ರಲ್ಲಿ ದಿಲೀಪ್ ಕುಮಾರರೊಂದಿಗೆ ಅದನ್ನು ಮತ್ತೆ ತೆರೆಗೆ ತಂದರು. 1953ರಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ಮತ್ತು ಸಾವಿತ್ರಿ ಅಭಿನಯಿಸಿದ ತೆಲುಗು ‘ದೇವದಾಸು’ ಬಂತು. 2002ರಲ್ಲಿ ಸಂಜಯ್ ಲೀಲಾ ಬನ್ಸಾಲಿಯವರ ಚಿತ್ರ. ಈ ಚಿತ್ರಗಳಿಂದ ಜನರ ಮನಸ್ಸಿನಲ್ಲಿ ಉಳಿದದ್ದು ಮುಖ್ಯವಾಗಿ ಬಾಟಲಿ ಹಿಡಿದ ನಾಯಕನ ಬಿಂಬ. ಮಂಡಕ್ಕಿ ತಂದ ಹುಡುಗಿ ಹಿಂದೆ ಸರಿದಳು. ಸೋತ ಪ್ರೇಮಕ್ಕೆ ಕುಡಿತ ಮತ್ತು ಸಾವೇ ತಕ್ಕ ಕೊನೆ ಎಂಬ ತಪ್ಪು ಪಾಠವನ್ನೂ ಕೆಲವರು ಕಲಿತರು.

ಆದ್ದರಿಂದ ಮಿತ್ರರೇ, ಚಿತ್ರ ನೋಡಿದವರೂ ಪುಸ್ತಕವನ್ನು ಒಮ್ಮೆ ಓದಿ. ದೇವದಾಸನಿಗಾಗಿ ಮರುಗಿ, ಅದು ತಪ್ಪಲ್ಲ. ಆದರೆ ಕತ್ತಲಲ್ಲಿ ನಡೆದು ಬಂದವಳು ಯಾರು, ಕತ್ತಲಲ್ಲಿ ಉತ್ತರ ಹೇಳದೆ ಕುಳಿತವನು ಯಾರು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಮುಂದೆ ಯಾರಾದರೂ ಗೆಳೆಯನನ್ನು ‘ದೇವದಾಸ’ ಎಂದು ನಕ್ಕು ಕರೆದಾಗ, ನಕ್ಕು ಸುಮ್ಮನಾಗದೆ ಅವನ ಪಕ್ಕದಲ್ಲಿ ಕುಳಿತು ಮಾತನಾಡಿಸಿ. ದೇವದಾಸನಿಗೆ ಕುಡಿಸುವ ಜೊತೆಗಾರರು ಸಿಕ್ಕರು. ಮಾತು ಕೇಳಿ ತಡೆದು ನಿಲ್ಲಿಸಬಲ್ಲ ಗೆಳೆಯ ಮಾತ್ರ ಸಿಗಲಿಲ್ಲ.