ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ

1988ರಲ್ಲಿ ಬ್ರಿಟನ್ ಕಡಲಲ್ಲಿ ವೈರಸ್ ರೋಗ ಬಂದು ಸಾವಿರಾರು ಸೀಲ್‌ಗಳು ಸತ್ತವು. ಆಗ ಒಂದಷ್ಟು ಡೈವರ್‌ಗಳು ಸೇರಿ ಕಟ್ಟಿದ್ದು ಬ್ರಿಟಿಷ್ ಡೈವರ್ಸ್ ಮರೈನ್ ಲೈಫ್ ರೆಸ್ಕ್ಯೂ. ಇವತ್ತು ಅಲ್ಲಿ ಒಂದು ದಿನದ ಟ್ರೈನಿಂಗ್ ಮುಗಿಸಿದ ನಮ್ಮಂಥ ಆಫೀಸಿನ ಮಂದಿಯೂ ವಾಲಂಟಿಯರ್. ದಡಕ್ಕೆ ಬಿದ್ದ ತಿಮಿಂಗಿಲದ ಮೈಗೆ ಒದ್ದೆ ಬಟ್ಟೆ ಹೊದಿಸ್ತಾರೆ, ಉಸಿರಾಡೋ ರಂಧ್ರಕ್ಕೆ ನೀರು ಹೋಗದಂತೆ ಕಾಯ್ತಾರೆ.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ಕಂಪ್ಲಿ ಸೇತುವೆ. ನಮ್ಮ ಕಡೆಯವರು ಸಮುದ್ರ ನೋಡಬೇಕಂದ್ರೆ ರಾತ್ರಿಯಿಡೀ ಬಸ್ಸಲ್ಲಿ ಕೂರಬೇಕು. ಆದರೆ ನದಿಯಲ್ಲಿ ನೀರುನಾಯಿ ಇವೆ. ಹಂಪಿ, ಆನೆಗುಂದಿ ಹತ್ತಿರದ ಬಂಡೆಗಳ ಸಂದಿಯಲ್ಲಿ, ದಡದ ಬೇರುಗಳ ಕೆಳಗೆ ಬಿಲ ಮಾಡಿಕೊಂಡು ಗುಂಪಾಗಿ ಬದುಕೋ ಪ್ರಾಣಿ. ಮೀನುಗಾರರಿಗೆ ಅದರ ಮೇಲೆ ಸಿಟ್ಟು, ಬಲೆ ಹರಿಯುತ್ತೆ ಅಂತ. ಸಿಟ್ಟು ಸುಳ್ಳಲ್ಲ, ಬಲೆ ಪುಕ್ಕಟೆ ಬರಲ್ಲ.

ಬಲೆಗಿಂತ ದೊಡ್ಡ ತೊಂದರೆ ಸಿಡಿಮದ್ದಿನದು. ಸಂಡೂರಿನ ಗಣಿ, ಸುತ್ತಲಿನ ಕಲ್ಲು ಕ್ವಾರಿ ನೋಡಿ ಬೆಳೆದ ನಮಗೆ ಆ ಸದ್ದು ಹೊಸದಲ್ಲ. ಅದನ್ನೇ ಮಡುವಿಗೆ ಎಸೆದರೆ ದೊಡ್ಡ ಮೀನು, ಮರಿ ಮೀನು ಎಲ್ಲ ಒಟ್ಟಿಗೆ ಸಾಯ್ತವೆ. ಅರ್ಧ ತಳಕ್ಕೇ ಹೋಗ್ತವೆ, ಹಿಡಿದವನಿಗೂ ಸಿಗಲ್ಲ. ನೀರುನಾಯಿ ಆ ಏಟಿಗೆ ಸಾಯದಿದ್ದರೆ ಆಮೇಲೆ ಹಸಿವಿಗೆ.

ಇಲ್ಲಿ ಒಂದು ಪ್ರಾಣಿಯನ್ನ ಎತ್ತಿ ನೀರಿಗೆ ಬಿಟ್ಟರೆ ಕೆಲಸ ಮುಗಿಯಲ್ಲ, ಆ ನೀರೇ ಸರಿಯಿರಬೇಕು. ಈ ಭಾಗದ ವನ್ಯಜೀವಿ ಆಸಕ್ತರು ಕೇಳಿದ್ದೂ ಅದನ್ನೇ. 2015ರಲ್ಲಿ ಡ್ಯಾಮ್ ಕೆಳಗಿನ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ ನದಿಯನ್ನ ಸರ್ಕಾರ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ನೀರುನಾಯಿಗಂತಲೇ ದೇಶದಲ್ಲಿ ಆದ ಮೊದಲ ಮೀಸಲು ಇದು.

ಮೀಸಲು ಅಂದ್ರೆ ಅಭಯಾರಣ್ಯ ಅಲ್ಲ. 1972ರ ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ ಹೊಸ ಬಗೆ ಇದು. ಇಂಥ ಮೀಸಲಿಗೆ ಒಂದು ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯವರ ಜೊತೆ ಆ ವ್ಯಾಪ್ತಿಯ ಪ್ರತಿ ಗ್ರಾಮ ಪಂಚಾಯ್ತಿಯಿಂದ ಒಬ್ಬರು, ವನ್ಯಜೀವಿ ಕೆಲಸದ ಸ್ವಯಂಸೇವಾ ಸಂಸ್ಥೆಗಳಿಂದ ಮೂವರು. ಅಂದ್ರೆ ವಾಲಂಟಿಯರ್‌ಗೆ ಕಾನೂನೇ ಕುರ್ಚಿ ಹಾಕಿದೆ. ಬಲೆ ಹರಿದ ಬೆಸ್ತರವನ ಮಾತೂ ಪಂಚಾಯ್ತಿ ಸದಸ್ಯನ ಬಾಯಲ್ಲಿ ಅಲ್ಲಿಗೆ ತಲುಪಬಹುದು. ಆ ಸಮಿತಿ ಸಲಹೆ ಕೊಡಬಹುದು ಅಷ್ಟೇ, ಆರ್ಡರ್ ಹೊರಡಿಸೋಕೆ ಆಗಲ್ಲ. ಆದರೂ ನನಗೆ ಈ ಇಡೀ ಕಾನೂನಿನಲ್ಲಿ ಇಷ್ಟವಾದ ಸಾಲು ಇದೇ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಕಡೀತು. ಗೇಟು ಕೊಚ್ಚಿಹೋಯ್ತು. ಉಳಿದ ಗೇಟುಗಳನ್ನೂ ತೆಗೆದು ಲಕ್ಷ ಕ್ಯೂಸೆಕ್ ಆಸುಪಾಸು ನೀರು ಹೊಳೆಗೆ ಬಿಟ್ಟರು. ನಾನು ಬೆಂಗಳೂರಲ್ಲಿ ಆಫೀಸ್ ಮೀಟಿಂಗ್ ನಡುವೆಯೇ ಫೋನಲ್ಲಿ ಅಂಕಿ ನೋಡ್ತಾ ಕೂತಿದ್ದೆ. ಊರಿಗೆ ಫೋನ್ ಮಾಡಿ ಅವ್ವಗೆ ಕೇಳಿದ್ದು ಎರಡೇ: ಸೇತುವೆ ಮುಳುಗಿತಾ, ಗದ್ದೆಗೆ ನೀರು ಬಂತಾ. ನದಿ ದಡದ ಬಿಲಗಳು ಏನಾದವು ಅಂತ ಕೇಳೋದು ನನಗೂ ಹೊಳೀಲಿಲ್ಲ.