ಫಿರಂಗಿಯ ಜಾಗದಲ್ಲಿ ಬಿರುಗಾಳಿ

1991ರ ಫೆಬ್ರವರಿ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಕುವೈತಿನಿಂದ ಹಿಮ್ಮೆಟ್ಟುತ್ತಿದ್ದ ಇರಾಕಿ ಸೇನೆ ಅಲ್ಲಿನ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟಿತು. ದಟ್ಟ ಹೊಗೆ ನಡುಹಗಲನ್ನೇ ಇರುಳಾಗಿಸಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಅನ್ನವಿತ್ತ ನಾಡು ಅದು. ಹಿಂದಿನ ವರ್ಷ ಯುದ್ಧಭಯದಿಂದ ಎಲ್ಲವನ್ನೂ ಬಿಟ್ಟು ಅಲ್ಲಿಂದ ಮರಳಿದವರ ಅಳಲನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು.

ಆ ಬೆಂಕಿಯನ್ನು ನಂದಿಸಲು ಹಲವು ದೇಶಗಳ ತಂಡಗಳು ಬಂದವು. ಅವುಗಳಲ್ಲಿ ಹಂಗೇರಿಯ ತಂಡ ತಂದ ವಾಹನ ವಿಚಿತ್ರವಾದದ್ದು. ಅದರ ಕೆಳಭಾಗ ಎರಡನೆಯ ಮಹಾಯುದ್ಧ ಕಾಲದ ಸೋವಿಯತ್ ಟಿ-34 ಟ್ಯಾಂಕು. 1956ರಲ್ಲಿ ಸ್ವಾತಂತ್ರ್ಯಕ್ಕಾಗಿ ಹಂಗೇರಿಯ ಜನ ದಂಗೆಯೆದ್ದಾಗ ಬುಡಾಪೆಸ್ಟಿನ ಬೀದಿಗಳು ಕಂಡದ್ದು ಇಂಥ ಟ್ಯಾಂಕುಗಳನ್ನೇ. ಫಿರಂಗಿಯಿದ್ದ ಗೋಪುರವನ್ನು ತೆಗೆದು, ಆ ಜಾಗದಲ್ಲಿ ಮಿಗ್-21 ಯುದ್ಧವಿಮಾನದ ಎರಡು ಜೆಟ್ ಎಂಜಿನ್‌ಗಳನ್ನು ಕೂರಿಸಿದ್ದರು. ಅದಕ್ಕೆ ‘ಬಿಗ್ ವಿಂಡ್’, ಅಂದರೆ ಮಹಾಗಾಳಿ, ಎಂಬ ಹೆಸರು ಬಂತು.

ಅದು ಕೆಲಸ ಮಾಡುತ್ತಿದ್ದ ಬಗೆ ಸರಳ. ಬೆಂಕಿಯ ಸಮೀಪಕ್ಕೆ ಸಾಗಿ ಎಂಜಿನ್‌ಗಳು ಭೋರ್ಗರೆದಾಗ, ಅವು ಹೊರಡಿಸುವ ಪ್ರಚಂಡ ಗಾಳಿಗೆ ಮೇಲಿನ ಕೊಳವೆಗಳು ನೀರನ್ನು ಸುರಿಯುತ್ತಿದ್ದವು. ನೀರು ನುಣ್ಣನೆಯ ತುಂತುರಾಗಿ ಜ್ವಾಲೆಯತ್ತ ನುಗ್ಗುತ್ತಿತ್ತು. ನಾವು ಮೇಣದಬತ್ತಿಯನ್ನು ಊದಿ ಆರಿಸುವಂತೆ, ಗಾಳಿ ಜ್ವಾಲೆಯನ್ನು ತೈಲದ ಬುಗ್ಗೆಯಿಂದ ಬೇರ್ಪಡಿಸುತ್ತಿತ್ತು. ಕಾದ ಕಬ್ಬಿಣದಿಂದ ಬೆಂಕಿ ಮತ್ತೆ ಹೊತ್ತದಂತೆ ನೀರು ತಣಿಸುತ್ತಿತ್ತು. ಚಿಮ್ಮುವ ತೈಲಕ್ಕೆ ಮುಚ್ಚಳ ಬಿಗಿಯುವ ಕಠಿಣ ಕೆಲಸ ಆಮೇಲಿನದು.

ಹಂಗೇರಿಯವರು ನಂದಿಸಿದ್ದು ಒಂಬತ್ತು ಬಾವಿಗಳನ್ನು ಮಾತ್ರ. ಉಳಿದವುಗಳನ್ನು ನಂದಿಸಿದ ಕೈಗಳು ಬೇರೆ. ವರ್ಷಗಟ್ಟಲೆ ಉರಿಯಬಹುದೆಂದು ಹಲವರು ಅಂಜಿದ್ದ ಬೆಂಕಿ ಎಲ್ಲರ ದುಡಿಮೆಯಿಂದ 1991ರ ನವೆಂಬರ್ 6ರಂದು ಪೂರ್ತಿ ಆರಿತು.

ಕತ್ತಿಯು ನೇಗಿಲ ಗುಳವಾಗುವ ದಿನವನ್ನು ಪ್ರವಾದಿ ಯೆಶಾಯ ಕಂಡಿದ್ದನು. ಕುವೈತಿನ ಮರಳಿನಲ್ಲಿ ಅದರ ಒಂದು ಕಿರು ಛಾಯೆ ಕಾಣಿಸಿತೆನ್ನಬಹುದು. ಆದರೆ ಒಂದನ್ನು ಗಮನಿಸಿ: ಎಂಜಿನ್‌ನ ಬಲ ಕುಂದಲಿಲ್ಲ, ಅದರ ಆರ್ಭಟ ತಗ್ಗಲಿಲ್ಲ. ಬದಲಾದದ್ದು ಅದನ್ನು ತಿರುಗಿಸಿದ ದಿಕ್ಕು, ತಿರುಗಿಸಿದವರ ಮನಸ್ಸು. ನಮ್ಮ ಕೋಪ, ಹಟ, ನಾಲಿಗೆಯ ಹರಿತ ಇವೂ ಬಲಗಳೇ. ಮನೆಯಲ್ಲಿ ಉರಿ ಎದ್ದಾಗ ನಾವು ಅವುಗಳನ್ನು ಯಾವ ಕಡೆಗೆ ತಿರುಗಿಸುತ್ತೇವೆ? ಇಂದಿನ ಸಂಜೆಯ ಕುಟುಂಬ ಪ್ರಾರ್ಥನೆಯ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ.