ಬಾಲ ಬಿಡಿ, ಗಂಟಲು ನೋಡಿ

‘ಟ್ರೆಮೊಲೊ ಇದ್ದರೆ ಶ್ರುತಿ ನಿಲ್ಲಲ್ಲ, ಹಿಂದಿನಿಂದ ಒಂದು ಮರದ ತುಂಡು ಬಡಿದು ಬಿಗಿದುಬಿಡಿ.’ ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಹುಡುಗರಿಗೆ ಈಗ ಮೊದಲ ಪಾಠವೇ ಇದು. ಚಾಮರಾಜಪೇಟೆಯ ಒಂದು ಕೋಣೆಯಲ್ಲಿ ಮೂವತ್ತು ವರ್ಷದಿಂದ ಗಿಟಾರ್ ಬಿಚ್ಚಿ ಕಟ್ಟುತ್ತಿರುವ ನನಗೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಕಾಣುತ್ತದೆ. ಗಿಟಾರಿನ ಟ್ರೆಮೊಲೊ ಎಂಬ ಈ ಅಂಗ ಬೆಳೆದುಬಂದ ದಾರಿ ತಿಳಿದಿದ್ದರೆ ಬರೆ ಎಲ್ಲಿ ಬೀಳಬೇಕು ಎಂಬುದೂ ತಿಳಿಯುತ್ತಿತ್ತು.

ಆರಂಭದ ಕತೆ ಚಿಕ್ಕದು. ತಂತಿಯ ಬಿಗಿಯನ್ನು ಕೈಹಿಡಿಯಿಂದ ಏರಿಳಿಸುವ ಸಾಧನಕ್ಕೆ ಅಮೆರಿಕದ ಡಾಕ್ ಕಾಫ್‌ಮನ್ 1929ರಲ್ಲಿ ಪೇಟೆಂಟ್ ಅರ್ಜಿ ಹಾಕಿದ. 1940ರ ದಶಕದ ಕೊನೆಗೆ ಪಾಲ್ ಬಿಗ್ಸ್‌ಬಿಯ ಸಾಧನ ಬಂತು. ನೋಡಲು ಚೆಂದ, ಏರಿಳಿತ ಅಲ್ಪ. 1954ರಲ್ಲಿ ಲಿಯೋ ಫೆಂಡರ್ ಸ್ಟ್ರಾಟೊಕಾಸ್ಟರ್ ತಂದಾಗ ನಿಜವಾದ ಯಂತ್ರ ಹುಟ್ಟಿತು. ಹೆಸರು ಮಾತ್ರ ಆಗಲೇ ಅಡ್ಡದಾರಿ ಹಿಡಿದಿತ್ತು. ಟ್ರೆಮೊಲೊ ಎಂದರೆ ದನಿಯ ಜೋರು ಏರಿಳಿಯುವುದು; ಸ್ವರವೇ ಏರಿಳಿದರೆ ಅದು ವೈಬ್ರಾಟೊ. ಆದರೂ ಸ್ವರ ಏರಿಳಿಸುವ ಈ ಯಂತ್ರಕ್ಕೆ ಟ್ರೆಮೊಲೊ ಎಂದೇ ಹೆಸರು ಬಿತ್ತು. ಫೆಂಡರ್ ತನ್ನ ಆಂಪ್ಲಿಫೈಯರಿನಲ್ಲಿ ಇದೇ ತಪ್ಪನ್ನು ತಿರುವಿ ಮಾಡಿ, ಜೋರು ಏರಿಳಿಸುವ ಗುಂಡಿಗೆ ವೈಬ್ರಾಟೊ ಎಂದ. ಹೆಸರಿನಲ್ಲೇ ತಲೆ–ಬಾಲ ಅದಲುಬದಲಾದ ವಿದ್ಯೆ ಇದು.

ಯಂತ್ರವೇನೋ ಸರಳ. ಬ್ರಿಡ್ಜ್, ಅಂದರೆ ನಮ್ಮ ವೀಣೆಯ ಭಾಷೆಯಲ್ಲಿ ಕುದುರೆ, ಮುಂದಿನ ಆರು ಸ್ಕ್ರೂಗಳ ಆಸರೆಯಲ್ಲಿ ಕೀಲಿನಂತೆ ಮಗುಚುತ್ತದೆ. ಮುಂದಿನಿಂದ ತಂತಿಗಳು ಎಳೆಯುತ್ತವೆ; 10ರ ದಪ್ಪದ ಸೆಟ್ಟಿನಲ್ಲಿ ಆರು ತಂತಿಗಳ ಒಟ್ಟು ಎಳೆತ ಸುಮಾರು 45 ಕಿಲೋ. ಹಿಂಬದಿಯ ಕುಳಿಯಲ್ಲಿ ಮೂರರಿಂದ ಐದು ಸ್ಪ್ರಿಂಗ್ ಅದನ್ನು ಸರಿದೂಗಿಸುತ್ತವೆ. ತಕ್ಕಡಿ ಇದ್ದಂತೆ: ಒಂದು ತಂತಿ ಹರಿದರೆ ಉಳಿದ ಐದೂ ಏರುತ್ತವೆ, ಒಂದನ್ನು ಎಳೆದು ನುಡಿಸಿದರೆ ಉಳಿದವು ಇಳಿಯುತ್ತವೆ.

ಹಿಡಿ ಒತ್ತಿಬಿಟ್ಟ ಮೇಲೆ ಕುದುರೆ ತನ್ನ ಜಾಗಕ್ಕೆ ಮರಳಬೇಕು, ತಂತಿಯೂ ಮರಳಬೇಕು. ಎರಡನೆಯದು ಕಷ್ಟ. ಫ್ಲಾಯ್ಡ್ ರೋಸ್ ಎಂಬಾತ ಇದನ್ನು ಬಲವಂತವಾಗಿ ಬಗೆಹರಿಸಿದ. ಗಿಟಾರ್ ನುಡಿಸುತ್ತಿದ್ದ ಆತ ಆಭರಣದ ಕೆಲಸವನ್ನೂ ಬಲ್ಲವನು. ತಂತಿಯನ್ನು ಕುತ್ತಿಗೆಯ ತುದಿಯ ನಟ್‌ನಲ್ಲೇ ಬೀಗ ಹಾಕಿದ. 1979ರಲ್ಲಿ ಪೇಟೆಂಟ್ ಸಿಕ್ಕಿತು. ತಲೆಯಲ್ಲಿ ಬೀಗ ಬಿದ್ದ ಮೇಲೆ ಬಿರಡೆ ತಿರುಗಿಸಿ ಪ್ರಯೋಜನವಿಲ್ಲವಲ್ಲ. ಹಾಗಾಗಿ ಮುಂದೆ ಬಾಲದ ಕಡೆ, ಅಂದರೆ ಕುದುರೆಯಲ್ಲಿ, ಸೂಕ್ಷ್ಮ ಶ್ರುತಿಯ ಸ್ಕ್ರೂಗಳನ್ನು ಸೇರಿಸಬೇಕಾಯಿತು. ಜಗತ್ತು ಅದನ್ನು ಹೊಸದೆಂದು ಮೆಚ್ಚಿತು. ಬಾಲದ ಕಡೆ ಲಂಗರಿನ ಬಳೆ ಸರಿಸಿ ಶ್ರುತಿ ಕೂಡಿಸುವ ನಮ್ಮ ವೈಣಿಕರು ಯಾರೂ ಬೆರಗಾದಂತಿಲ್ಲ.

ಇನ್ನು ನಮ್ಮ ತಲೆಮಾರು. ತೊಂಬತ್ತರ ದಶಕದಲ್ಲಿ ವಿದೇಶಿ ಗಿಟಾರ್ ಎಂಬುದು ಊರಿಗೆ ಬರುವ ಭಾವನ ಪೆಟ್ಟಿಗೆಯಲ್ಲಿ ಬರುತ್ತಿದ್ದ ವಸ್ತು. ನಮ್ಮ ಕೈಗೆ ಸಿಗುತ್ತಿದ್ದುದು ಅಗ್ಗದ ನಕಲುಗಳು: ಮೆತ್ತನೆಯ ಲೋಹದ ಕುದುರೆ, ಆರು ತಿಂಗಳಲ್ಲಿ ಮೊಂಡಾಗುವ ಆಸರೆಯಂಚು. ಸ್ಪ್ರಿಂಗಿಗೆ ಎಸ್.ಪಿ. ರಸ್ತೆ, ಸಣ್ಣ ಅರಕ್ಕೆ ನಗರ್ತಪೇಟೆಯ ಅಕ್ಕಸಾಲಿಗರು. ಆರು ಸ್ಕ್ರೂಗಳಲ್ಲಿ ನಡುವಿನ ನಾಲ್ಕನ್ನು ಕೂದಲೆಳೆಯಷ್ಟು ಸಡಿಲಿಸಿ ಎರಡರ ಮೇಲೆ ಕುದುರೆ ಆಡಿಸುವುದು, ಹಿಂಬದಿಯನ್ನು ಸುಮಾರು 3 ಮಿಲಿಮೀಟರ್ ಎತ್ತರಕ್ಕೆ ತೇಲಿಸುವುದು, ಎಲ್ಲ ನಾವು ತಪ್ಪು ಮಾಡಿಯೇ ಕಲಿತದ್ದು. ಇಂದಿನವರು ಬಿಗಿ ಬಿರಡೆ ಕೊಂಡು ಹಾಕಿಸುತ್ತಾರೆ. ಕೆಡಿಸಿ ಕಲಿಯಲು ಅವಕಾಶವೇ ಇಲ್ಲ.

ಒಮ್ಮೆ ಮಲ್ಲೇಶ್ವರದ ಒಂದು ಗಿಟಾರಿಗೆ ವಾರವಿಡೀ ಸ್ಪ್ರಿಂಗ್ ಬದಲಿಸುತ್ತ ಕೂತಿದ್ದೆ. ವೀಣೆಗೆ ಮೆಟ್ಟಿಲು ಕೂರಿಸಿ ಮೇಳ ಕಟ್ಟುತ್ತಿದ್ದ ಹಿರಿಯರೊಬ್ಬರು ಬಾಗಿಲಲ್ಲೇ ನಿಂತು ನೋಡಿ, ‘ಬಾಲ ಬಿಡಪ್ಪ, ಗಂಟಲು ನೋಡು’ ಎಂದರು. ಗಂಟಲು ಎಂದರೆ ನಟ್. ಅಂದಿನಿಂದ ನನ್ನ ಪರೀಕ್ಷೆ ಒಂದೇ. ಹಿಡಿ ಕೆಳಗೊತ್ತಿ ಬಿಟ್ಟಾಗ ಸ್ವರ ಏರಿ ನಿಂತರೆ, ಮೇಲೆತ್ತಿ ಬಿಟ್ಟಾಗ ಇಳಿದು ನಿಂತರೆ, ತಂತಿ ನಟ್‌ನ ಸೀಳಿನಲ್ಲಿ ಸಿಕ್ಕಿಕೊಂಡಿದೆ. ಒತ್ತಿದಾಗ ಬಿರಡೆಯ ಕಡೆ ಜಾರಿದ ತಂತಿ ಹಿಂದೆ ಬರಲಾರದು; ಎತ್ತಿದಾಗ ಈಚೆ ಬಂದದ್ದು ಆಚೆ ಹೋಗಲಾರದು. ಸೀಳನ್ನು ತಂತಿಯ ದಪ್ಪಕ್ಕೆ ಅರದಿಂದ ಉಜ್ಜಿ ನುಣುಪಾಗಿಸಿ, ಪೆನ್ಸಿಲಿನ ಸೀಸದ ಪುಡಿ ಸವರಿದರೆ ಹೆಚ್ಚಿನ ಕಾಯಿಲೆ ಅಲ್ಲಿಗೇ ಮುಗಿಯಿತು. ಬಿರಡೆಗೆ ಸುತ್ತು ಕಡಿಮೆ ಮಾಡಿ, ಹೊಸ ತಂತಿಯನ್ನು ಕೈಯಿಂದ ಎಳೆದು ಹದ ಮಾಡಿದರೆ ಉಳಿದದ್ದೂ ಹೋಗುತ್ತದೆ.

ಮರದ ತುಂಡು ಸದಾ ತಪ್ಪಲ್ಲ. ಎರಿಕ್ ಕ್ಲಾಪ್ಟನ್ ತನ್ನ ಸ್ಟ್ರಾಟೊಕಾಸ್ಟರಿಗೂ ಹಾಗೇ ಬಡಿಸಿದ್ದ. ಸುಕುಮಾರ್ ಪ್ರಸಾದ್, ಆರ್. ಪ್ರಸನ್ನ ತೋರಿಸಿಕೊಟ್ಟ ಕರ್ನಾಟಕ ಸಂಗೀತದ ಹಾದಿಯಲ್ಲಿ ನಡೆಯುವ ಗಿಟಾರಿಗನಿಗಂತೂ ಅದೇ ಸರಿ: ಗಮಕಕ್ಕೆ ತಂತಿ ಎಳೆದಾಗಲೆಲ್ಲ ಪಕ್ಕದ ಷಡ್ಜ ಇಳಿದರೆ ರಾಗ ಎಲ್ಲಿ ಉಳಿಯಿತು? ಆದರೆ ಅದು ಆಯ್ಕೆ, ಚಿಕಿತ್ಸೆಯಲ್ಲ. ಗಂಟಲು ಕಟ್ಟಿದ ಗಿಟಾರಿಗೆ ಬಾಲ ಬಿಗಿದರೆ, ತಂತಿ ಎಳೆದು ಬಿಟ್ಟಾಗ ಸ್ವರ ಇಳಿಯುವುದು ನಿಲ್ಲುವುದಿಲ್ಲ.

ಬೆಂಗಳೂರಿನ ರಾಕ್ ಚರಿತ್ರೆ ಬರೆಯುವವರು 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡವನ್ನು ಹೇಳುತ್ತಾರೆ, 1998ರ ಕ್ರಿಪ್ಟೋಸ್ ತಂಡವನ್ನು ಹೇಳುತ್ತಾರೆ, ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದ್ದನ್ನು ಹೇಳುತ್ತಾರೆ. ಮೆಟಾಲಿಕಾ ಬಂದುಹೋದ ವಾರ ನನ್ನ ಬಾಗಿಲಿಗೆ ಫ್ಲಾಯ್ಡ್ ರೋಸ್ ಬೇಕೆಂದು ಬಂದ ಹುಡುಗರ ಗಿಟಾರುಗಳಲ್ಲಿ ಬಹುಪಾಲಿಗೆ ಬೇಕಾಗಿದ್ದದ್ದು ಅರದ ನಾಲ್ಕು ಎಳೆತ. ಅದನ್ನು ಯಾರೂ ಬರೆದಿಲ್ಲ. ಮೇಳ ಕಟ್ಟುವವರ ವಿದ್ಯೆಯೂ ಅಷ್ಟೆ. ಹಲಸಿನ ವೀಣೆಯ ಮೇಲೆ ಮೇಣ ಕಾಯಿಸಿ 24 ಮೆಟ್ಟಿಲನ್ನು ಕಿವಿಯಿಂದಲೇ ಕೂಡಿಸುವುದು ಬಾಯಿಂದ ಬಾಯಿಗೆ ಬಂದದ್ದು, ಈಗ ಬಾಯಿಗಳೂ ಕಡಿಮೆ. ಬಾಗಿಲಲ್ಲಿ ನಿಂತಿದ್ದ ಆ ಹಿರಿಯರು ಈಗಿಲ್ಲ. ಅವರ ಮೇಣದ ಬಟ್ಟಲನ್ನು ಮನೆಯವರು ಹಳೆ ಪಾತ್ರೆಯವನಿಗೆ ಹಾಕಿದರು. ಅರಗಳನ್ನು ನಾನು ಕೇಳಿ ತಂದಿಟ್ಟುಕೊಂಡಿದ್ದೇನೆ. ನಟ್‌ನ ಸೀಳಿಗೆ ಅವೇ ಸರಿಹೊಂದುತ್ತವೆ.